ಬೊರ್ಗೊರಾನೊದ ಕರಿ ಪುಸ್ತಕ

ಇಟಲಿಯ ಮೂಲೆಯ ಊರೊಂದರ ಫುಟ್‌ಬಾಲ್ ಕ್ಲಬ್ಬಿನ ನೂರು ವರ್ಷದ ಚರಿತ್ರೆಯನ್ನು ಮೈಸೂರಿನ ಸರಸ್ವತಿಪುರಂನವನೊಬ್ಬ ಮಿಷಿಗನ್ನಿನ ನಾರ್ತ್‌ವಿಲ್‌ನಲ್ಲಿ ಕೂತು ಬರೆಯುತ್ತಿದ್ದಾನೆ ಎಂದರೆ ಕೇಳಿದವರು ಮೊದಲು ನಗುತ್ತಾರೆ. ಉಪೇಂದ್ರನ ಹೆಂಡತಿ ಸರಳಾ ಎರಡು ವರ್ಷ ನಕ್ಕಳು, ಆಮೇಲೆ ನಾಲ್ಕು ವರ್ಷ ರೇಗಿದಳು, ಕೊನೆಗೆ ಬೇಸ್‌ಮೆಂಟಿನಲ್ಲಿ ಅವನಿಗೊಂದು ಮೇಜು ಹಾಕಿಕೊಟ್ಟು ಕೈತೊಳೆದುಕೊಂಡಳು. ಕನ್ನಡ ಕೂಟದ ಯುಗಾದಿ ಊಟದಲ್ಲಿ ಉಳಿದ ಗಂಡಸರು ಕ್ರಿಕೆಟ್ ಮಾತಾಡುತ್ತಿದ್ದರೆ ಇವನು 1937ರಲ್ಲಿ ಕೆಸರಲ್ಲಿ ನಡೆದ ಯಾವುದೋ ಪಂದ್ಯದ ವಿಷಯ ತೆಗೆಯುತ್ತಿದ್ದ. ಎದುರಿಗಿದ್ದವರು ತಟ್ಟೆ ಹಿಡಿದು ಚಿತ್ರಾನ್ನದ ಕಡೆಗೆ ಮೆಲ್ಲಗೆ ಜಾರಿಕೊಳ್ಳುತ್ತಿದ್ದರು.

ಊರಿನ ಹೆಸರು ಬೊರ್ಗೊರಾನೊ. ಅಲ್ಲಿನ ಕ್ಲಬ್ಬು ಹೇಳಿಕೊಳ್ಳುವಂಥದ್ದೇನನ್ನೂ ಗೆದ್ದದ್ದಿಲ್ಲ. 1909ರಲ್ಲಿ ಒಬ್ಬ ಪಾದ್ರಿ, ಒಬ್ಬ ದನದ ಡಾಕ್ಟರು, ಒಬ್ಬ ಸ್ಟೇಷನ್ ಮಾಸ್ಟರು ಸೇರಿ ಕಟ್ಟಿದ್ದು. ಒಂದೇ ಒಂದು ವರ್ಷ ಎರಡನೇ ದರ್ಜೆಗೆ ಏರಿ, ಬಂದ ದಾರಿಗೆ ಸುಂಕವಿಲ್ಲ ಎನ್ನುವ ಹಾಗೆ ಕೆಳಗಿಳಿದಿತ್ತು. ಅಂಥ ಕ್ಲಬ್ಬಿಗೂ ಉಪೇಂದ್ರ ನಾನೂರು ಪುಟ ಬರೆದಿದ್ದ. ಯಾವ ಪಂದ್ಯ, ಯಾವ ಹವೆ, ಗೋಲಿನಲ್ಲಿ ಯಾರು ನಿಂತಿದ್ದರು, ಎಲ್ಲಕ್ಕೂ ಕೆಳಗೊಂದು ಟಿಪ್ಪಣಿ, ಟಿಪ್ಪಣಿಗೊಂದು ದಾಖಲೆ. ಕಾಗದವಿಲ್ಲದೆ ಅವನು ಒಂದು ಸಾಲನ್ನೂ ಬರೆಯುತ್ತಿರಲಿಲ್ಲ.

ಅದು ಅವನ ಕಸುಬಿನ ಬುದ್ಧಿ. ಕಾರಿನ ಬ್ರೇಕಿಗೆ ಹೋಗುವ ರಬ್ಬರ್ ಪೈಪುಗಳನ್ನು ಕೊಳ್ಳುವ ಕಂಪನಿಯಲ್ಲಿ ಅವನು ಕ್ವಾಲಿಟಿ ಆಡಿಟರ್. ಬೇರೆಯವರ ಫ್ಯಾಕ್ಟರಿಗೆ ಹೋಗಿ ತಪ್ಪು ಹುಡುಕುವುದೇ ಉದ್ಯೋಗ. ಎಂಬತ್ತಾರರಿಂದ ನಾಲ್ಕು ವರ್ಷ ಕಂಪನಿ ಅವನನ್ನು ಬೊರ್ಗೊರಾನೊದ ಪೈಪ್ ಫ್ಯಾಕ್ಟರಿಯಲ್ಲಿ ಇಟ್ಟಿತ್ತು. ಆಗಿನ್ನೂ ಮದುವೆಯಾಗಿರಲಿಲ್ಲ, ಮಾಂಸ ತಿನ್ನದವನಿಗೆ ಆ ಊರಿನಲ್ಲಿ ಭಾನುವಾರಗಳೆಂದರೆ ಬ್ರೆಡ್ಡು ಮತ್ತು ಗೋಡೆ. ಪೈಪು ತಯಾರಿಸುವ ಲೈನಿನ ಮೇಸ್ತ್ರಿ ರೆನಾತೊ ಅವನನ್ನು ಕೈಹಿಡಿದು ಆಟದ ಮೈದಾನಕ್ಕೆ ಎಳೆದುಕೊಂಡು ಹೋದ. ಅಲ್ಲಿ ಕಲ್ಲಿನ ಮೆಟ್ಟಿಲ ಮೇಲೆ ಕೂತು ಉಪ್ಪುನೀರಲ್ಲಿ ನೆನೆಸಿದ ಲುಪೀನಿ ಕಾಳಿನ ಪೊಟ್ಟಣ ಬಿಚ್ಚಿದ. ಕಾಳನ್ನು ಬೆರಳಲ್ಲಿ ಒತ್ತಿದರೆ ಸಿಪ್ಪೆ ಬಿಟ್ಟು ಬೇಳೆ ಪುಳಕ್ಕನೆ ಬಾಯಿಗೆ ಹಾರುತ್ತಿತ್ತು. ಥೇಟ್ ಹಿತಕಿದ ಅವರೆಬೇಳೆ. ಉಪೇಂದ್ರನ ಕಣ್ಣಲ್ಲಿ ನೀರೇ ಬಂತು. ಅವತ್ತು ಬೊರ್ಗೊರಾನೊ ಮೂರು ಗೋಲಿನಿಂದ ಸೋತಿತು, ಅವತ್ತಿನಿಂದ ಇವನು ಅವರವನಾದ.

ಆ ಕ್ಲಬ್ಬಿನ ಕಚೇರಿಯಲ್ಲಿ ಕರಿ ರಟ್ಟಿನ ದಪ್ಪ ಪುಸ್ತಕವೊಂದಿತ್ತು. ವರ್ಷಕ್ಕೆ ಒಂದು ಪುಟ. ತಂಡ ಕೆಳದರ್ಜೆಗೆ ಬಿದ್ದ ವರ್ಷ ಆ ಪುಟದ ತಳದಲ್ಲಿ ಒಂದಿಷ್ಟು ಜಾಗ ಖಾಲಿ ಬಿಡುತ್ತಿದ್ದರು. ಇದು ನನ್ನಿಂದಾಯಿತು ಎಂದು ಯಾರಿಗೆ ಅನ್ನಿಸುತ್ತದೋ ಅವರು ತಾವಾಗಿ ಬಂದು ಅಲ್ಲಿ ತಮ್ಮ ಕೈಯಿಂದ ಹೆಸರು ಬರೆಯಬೇಕು. ಬಾ ಎಂದು ಯಾರೂ ಕರೆಯುವ ಹಾಗಿಲ್ಲ. ಬರೆದ ಹೆಸರನ್ನು ಹೊಡೆದುಹಾಕುವ ಹಾಗಿಲ್ಲ. ಬರೆದ ಮೇಲೆ ಆ ವಿಷಯವನ್ನು ಅವನ ಹತ್ತಿರ ಊರಿನ ಒಂದು ನರಪಿಳ್ಳೆಯೂ ಎತ್ತುವ ಹಾಗಿಲ್ಲ, ಸಾಯುವ ತನಕ. 1949ರಲ್ಲಿ ಗೋಲ್‌ಕೀಪರ್ ಬರೆದಿದ್ದ. 1963ರಲ್ಲಿ ಬಸ್ ಡ್ರೈವರ್. ಮಂಜಿನಲ್ಲಿ ದಾರಿ ತಪ್ಪಿ ತಂಡವನ್ನು ಪಂದ್ಯ ಮುಗಿಯುವ ಹೊತ್ತಿಗೆ ಮುಟ್ಟಿಸಿದವನು. ಮಾರನೆಯ ದಿನ ಅವನು ಹೋಟೆಲಿಗೆ ಬಂದಾಗ ಎಲ್ಲರೂ ಹವೆಯ ಬಗ್ಗೆ ಮಾತಾಡಿದರಂತೆ. ಲೋಕದಲ್ಲಿ ಇಷ್ಟು ದೊಡ್ಡ ಮನಸ್ಸಿನ ಪದ್ಧತಿ ಇನ್ನೊಂದಿಲ್ಲ ಎಂದು ಉಪೇಂದ್ರ ತನ್ನ ಚರಿತ್ರೆಯ ಏಳನೇ ಅಧ್ಯಾಯದಲ್ಲಿ ಬರೆದ. ಸರಳಾಳನ್ನು ಕೂರಿಸಿಕೊಂಡು ಆ ಅಧ್ಯಾಯವನ್ನು ಓದಿಯೂ ಹೇಳಿದ್ದ. ಅವಳು ಹೂಂಗುಟ್ಟುತ್ತಾ ಬಟ್ಟೆ ಮಡಚಿದ್ದಳು.

ಎರಡು ಸಾವಿರದ ಎಂಟರ ಕೊನೆಗೆ ಡೆಟ್ರಾಯಿಟಿನ ಕಾರುಗಳು ಮಾರಾಟವಾಗದೆ ಅಂಗಳಗಳಲ್ಲಿ ಹಿಮ ಹೊದ್ದು ನಿಂತವು. ಉಪೇಂದ್ರನ ಕಂಪನಿ ಮೂರು ಕಡೆಯಿಂದ ಕೊಳ್ಳುತ್ತಿದ್ದ ಪೈಪನ್ನು ಒಂದೇ ಕಡೆಯಿಂದ ಕೊಂಡರೆ ಸಾಕು ಎಂದು ತೀರ್ಮಾನಿಸಿತು. ಯಾವ ಕಡೆ ಎನ್ನುವುದು ಆಡಿಟರ್ ವರದಿಯ ಮೇಲೆ. ಉಳಿದಿಬ್ಬರ ಪೈಪುಗಳನ್ನು ಅಕ್ಟೋಬರಿನಲ್ಲೇ ಪರೀಕ್ಷಿಸಿ ಆಗಿತ್ತು. ಬೊರ್ಗೊರಾನೊದ್ದು ಹಡಗಿನಲ್ಲಿ ತಡವಾಗಿ, ಫೆಬ್ರವರಿಗೆ ಬಂತು. ಆ ಫ್ಯಾಕ್ಟರಿಯ ಮಾಲೀಕನೇ ಕ್ಲಬ್ಬಿನ ಅಧ್ಯಕ್ಷ. ಆಟಗಾರರ ಸಂಬಳ, ಮೈದಾನದ ಹುಲ್ಲು, ಎಲ್ಲಾ ಅವನ ಪೈಪಿನಿಂದಲೇ ಹರಿಯುತ್ತಿತ್ತು. ಉಪೇಂದ್ರನಿಗೆ ಇದು ಗೊತ್ತಿತ್ತು. ಕಂಪನಿಯಲ್ಲಿ ಎಲ್ಲರಿಗೂ ಅವನ ಬೊರ್ಗೊರಾನೊ ಹುಚ್ಚು ಗೊತ್ತಿತ್ತು. ಅದೇ ಮುಳುವಾಯಿತು.

ಪೈಪಿನೊಳಗೆ ನೀರು ತುಂಬಿ, ಒಡೆಯುವ ತನಕ ಒತ್ತಡ ಏರಿಸುತ್ತಾ ಹೋಗುವುದು ಪರೀಕ್ಷೆ. ಗೇಜಿನ ಮುಳ್ಳು ಇಷ್ಟು ದಾಟಿದ ಮೇಲೆ ಒಡೆದರೆ ಪಾಸು, ಮುಂಚೆ ಒಡೆದರೆ ಫೇಲು. ಹತ್ತು ಪೈಪುಗಳಲ್ಲಿ ಆರು ಕೂದಲೆಳೆಯಷ್ಟು ಮುಂಚೆ ಒಡೆದವು. ಉಪೇಂದ್ರ ಕಡ್ಡಿ ಮುರಿದ ಹಾಗೆ ಬರೆದ: ಫೇಲ್.

ರೆನಾತೊ ಮೂರು ಸಲ ಇಮೇಲ್ ಮಾಡಿದ. ಮೊದಲನೆಯದು ಉದ್ದಕ್ಕಿತ್ತು, ನಮ್ಮ ಪರೀಕ್ಷೆಯಲ್ಲಿ ಹತ್ತೂ ಪಾಸಾಗಿವೆ, ಅಂಕಿಗಳು ಇಲ್ಲಿವೆ ನೋಡು ಎಂದು. ಎರಡನೆಯದು ಚಿಕ್ಕದು. ಮೂರನೆಯದರಲ್ಲಿ ಒಂದೇ ಸಾಲು: "ಉಪೇನ್, ದಯವಿಟ್ಟು ಇನ್ನೊಂದು ಸಲ ಪರೀಕ್ಷೆ ಮಾಡು." ಬೇರೆ ಯಾರು ಕೇಳಿದ್ದರೂ ಉಪೇಂದ್ರ ಮಾಡುತ್ತಿದ್ದ. ಕೇಳಿದವನು ರೆನಾತೊ. ತನ್ನವರು ಅಂತ ಬಿಟ್ಟ ಎಂದು ನಾಳೆ ಯಾರಾದರೂ ಆಡಿಕೊಂಡರೆ? ಅವನು ಉತ್ತರಿಸಿದ್ದು ಹೀಗೆ: "ಫಲಿತಾಂಶ ಬದಲಾಗುವುದಿಲ್ಲ." ಬರೆದು, ತನ್ನ ನಿಷ್ಠುರಕ್ಕೆ ತಾನೇ ಒಳಗೊಳಗೆ ಬೆನ್ನು ತಟ್ಟಿಕೊಂಡ. ಆ ಬೆನ್ನು ತಟ್ಟಿಕೊಂಡದ್ದಕ್ಕೆ ಅವನನ್ನು ಕ್ಷಮಿಸುವುದು ನನಗೂ ಕಷ್ಟ.

ಮೇ ತಿಂಗಳಲ್ಲಿ ಫ್ಯಾಕ್ಟರಿ ಬಾಗಿಲು ಹಾಕಿತು. ಜುಲೈನಲ್ಲಿ ಲೀಗಿಗೆ ಹೆಸರು ನೋಂದಾಯಿಸುವ ಕೊನೆಯ ದಿನ ಕ್ಲಬ್ಬಿನಿಂದ ಯಾರೂ ಹೋಗಲಿಲ್ಲ. ನೂರನೇ ವರ್ಷದಲ್ಲಿ ಬೊರ್ಗೊರಾನೊ ಕೆಳಗಿನ ದರ್ಜೆಗಲ್ಲ, ಯಾವ ದರ್ಜೆಯೂ ಇಲ್ಲದ ಕಡೆಗೆ ಬಿತ್ತು. ಅಷ್ಟರಲ್ಲಿ ಉಪೇಂದ್ರನ ಕೆಲಸವೂ ಹೋಗಿತ್ತು. ಇಪ್ಪತ್ತು ವರ್ಷಕ್ಕೂ ಮೇಲೆ ದುಡಿದವನಿಗೆ ಜೂನಿನ ಒಂದು ಸೋಮವಾರ ರಟ್ಟಿನ ಡಬ್ಬವೊಂದನ್ನು ಕೊಟ್ಟು, ಸೆಕ್ಯುರಿಟಿಯವನು ಕಾರಿನ ತನಕ ಬಂದು ಬಿಟ್ಟುಹೋದ.

ಸೆಪ್ಟೆಂಬರಿನಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಮುದುಕ ದೀನೊನಿಂದ ಪತ್ರ ಬಂತು. ಜೊತೆಯಲ್ಲಿ ಕರಿ ಪುಸ್ತಕದ ಕೊನೆಯ ಪುಟದ ಫೋಟೊ. ಅಧ್ಯಕ್ಷ ಬರೆದಿರಬಹುದು ಎಂದುಕೊಂಡು ಉಪೇಂದ್ರ ಕನ್ನಡಕ ಹಾಕಿಕೊಂಡ. ಇದ್ದದ್ದು ಒಂದೇ ಹೆಸರು, ಅಡ್ಡಾದಿಡ್ಡಿ ಅಕ್ಷರದಲ್ಲಿ: ರೆನಾತೊ. ನನ್ನ ಲೈನಿನ ಪೈಪು ಕೆಟ್ಟಿತ್ತು, ಆದ್ದರಿಂದ ನಮ್ಮ ಕ್ಲಬ್ಬು ಹೋಯಿತು ಎಂದು ತಾನಾಗಿ ಬಂದು ಬರೆದನಂತೆ. ಅವತ್ತಿನಿಂದ ಹೋಟೆಲಿಗೆ ಬರುತ್ತಿಲ್ಲ, ಮೈದಾನದ ಕಡೆ ತಲೆ ಹಾಕುತ್ತಿಲ್ಲ, ಅಂಗಡಿಗೆ ಹೋದರೆ ಗೋಡೆ ಹಿಡಿದು ನಡೆಯುತ್ತಾನೆ. "ನಾವು ಪದ್ಧತಿ ಪ್ರಕಾರ ಏನೂ ಮಾತಾಡುತ್ತಿಲ್ಲ. ನೀನು ಚರಿತ್ರೆ ಮುಗಿಸು," ಎಂದು ದೀನೊ ಬರೆದಿದ್ದ.

ಉಪೇಂದ್ರ ಅತ್ತ. ಆದರೂ ಬರೆದ: ಬ್ರೇಕ್ ಪೈಪಿನ ಗುಣಮಟ್ಟ ಕುಸಿದದ್ದರಿಂದ ಕ್ಲಬ್ಬು ಮುಳುಗಿತು, ಮೂಲ ಕರಿ ಪುಸ್ತಕ, ಕೊನೆಯ ಪುಟ. ಕಾಗದ ಇತ್ತಲ್ಲ.

ಅಕ್ಟೋಬರಿನಲ್ಲಿ ಒಂದು ಒಳ್ಳೆಯದೂ ಆಯಿತು. ಶಿಕಾಗೊ ಪಕ್ಕದ ಡೌನರ್ಸ್ ಗ್ರೋವ್‌ನ ಒಂದು ಕಂಪನಿಯಲ್ಲಿ ಕೇಶವ್ ಮ್ಯಾನೇಜರ್. ಮೈಸೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಉಪೇಂದ್ರನ ಪಕ್ಕದ ಬೆಂಚಿನವನು. ಅವನು ಬಾಸ್‌ನ ಕೈಕಾಲು ಹಿಡಿದು ಒಂದು ಆಡಿಟರ್ ಕೆಲಸ ಕೊಡಿಸಿದ. ನವೆಂಬರ್ ಹದಿನಾರಕ್ಕೆ ಸೇರಬೇಕು. ವಾರಪೂರ್ತಿ ಶಿಕಾಗೊ ಕಡೆ ಇದ್ದು, ಶುಕ್ರವಾರ ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಮನೆಗೆ. ಸರಳಾ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದಳು. ಅವಳ ಗಂಟೆಗಳನ್ನೂ ಅರ್ಧಕ್ಕೆ ಇಳಿಸಿದ್ದರು. ಮಗಳು ಮಾನ್ಯಾ ಹೈಸ್ಕೂಲಿನ ಕೊನೆಯ ವರ್ಷ. ಆಫರ್ ಲೆಟರ್ ಬಂದ ದಿನ ಸರಳಾ ಎಷ್ಟೋ ತಿಂಗಳ ಮೇಲೆ ಕೇಸರಿಬಾತು ಮಾಡಿದಳು.

ಅದೇ ವಾರ ಹಳೆಯ ಕಂಪನಿಯ ಸಾಮಾನುಗಳ ಹರಾಜು ನಡೆಯಿತು. ಉಪೇಂದ್ರ ನೋಡಿಬರೋಣ ಎಂದು ಹೋದ. ಕುರ್ಚಿ, ಕಂಪ್ಯೂಟರು, ಕಾಫಿ ಮೆಷಿನ್ನು ರಾಶಿ ಬಿದ್ದಿದ್ದವು. ಒಂದು ಟ್ರೇನಲ್ಲಿ ಅವನ ಗೇಜ್ ಇತ್ತು. ಹನ್ನೆರಡು ವರ್ಷ ಕಣ್ಣಿಟ್ಟು ನೋಡಿದ ಮುಳ್ಳು, ಬಿಟ್ಟುಬರಲು ಮನಸ್ಸಾಗಲಿಲ್ಲ. ನೆನಪಿಗೆ ಇರಲಿ ಎಂದು ಕೊಂಡು ತಂದ.

ಮನೆಗೆ ತಂದು ಬಟ್ಟೆಯಿಂದ ಒರೆಸುತ್ತಾ ಅದನ್ನು ತಿರುಗಿಸಿದಾಗ ಹಿಂದೆ ಅಂಟಿಸಿದ್ದ ಚೀಟಿ ಕಾಣಿಸಿತು. ಪ್ರತಿ ಗೇಜಿಗೂ ಇಂಥ ಚೀಟಿ ಇರುತ್ತದೆ. ಇಂಥ ದಿನದೊಳಗೆ ಇದನ್ನೇ ಪರೀಕ್ಷೆಗೆ ಕಳಿಸಿ ಸರಿಮಾಡಿಸಬೇಕು ಎಂದು. ಚೀಟಿಯಲ್ಲಿದ್ದ ದಿನಾಂಕ ನವೆಂಬರ್ 2008. ಬೊರ್ಗೊರಾನೊದ ಪೈಪು ಪರೀಕ್ಷಿಸಿದ್ದು ಫೆಬ್ರವರಿಯಲ್ಲಿ. ಆ ಚಳಿಗಾಲದಲ್ಲಿ ಖರ್ಚು ಇಳಿಸಲು ಗೇಜ್ ಪರೀಕ್ಷೆ ಮಾಡುವವರನ್ನು ಕಂಪನಿ ಬಿಡಿಸಿತ್ತು. ಅದಿರಲಿ, ಕೆಲಸ ಶುರುಮಾಡುವ ಮುಂಚೆ ಚೀಟಿ ನೋಡಬೇಕಾದವನು ಇವನು. ಬೇರೆಯವರ ಫ್ಯಾಕ್ಟರಿಯಲ್ಲಿ ಇವನು ಬಾಗಿಲಿಗೆ ಕಾಲಿಟ್ಟರೆ ಮೊದಲು ನೋಡುತ್ತಿದ್ದದ್ದೇ ಚೀಟಿ. ಎರಡೇ ದಿನ ತಡವಾಗಿತ್ತು ಎಂದು ಒಮ್ಮೆ ರೆನಾತೊನನ್ನು ಹತ್ತು ಜನರ ಮುಂದೆ ನಿಲ್ಲಿಸಿಕೊಂಡು ಬೈದಿದ್ದ. ತನ್ನ ಗೇಜನ್ನು ತಿರುಗಿಸಿ ನೋಡಬೇಕೆಂದು ಮಾತ್ರ ಅವನಿಗೆ ಹೊಳೆದಿರಲಿಲ್ಲ.

ಬೇಸ್‌ಮೆಂಟಿಗೆ ಇಳಿದು ಫೆಬ್ರವರಿಯ ವರದಿಯ ಪ್ರತಿ ತೆಗೆದ. ಯಾರೂ ಬೆರಳು ತೋರಿಸಬಾರದೆಂದು ತಾನೇ ಅದಕ್ಕೆ ಫೋಟೊಗಳನ್ನು ಲಗತ್ತಿಸಿದ್ದ. ಮೊದಲನೆಯದು ಪರೀಕ್ಷೆ ಶುರುವಾಗುವ ಮುಂಚಿನದು. ಪೈಪಿನಲ್ಲಿ ಒತ್ತಡವೇ ಇಲ್ಲ. ಮುಳ್ಳು ಸೊನ್ನೆಯ ಮೇಲಿರಬೇಕು. ಅದು ಸೊನ್ನೆಗಿಂತ ಒಂದು ಗೆರೆ ಕೆಳಗಿತ್ತು. ಅಂದರೆ ಗೇಜ್ ಎಲ್ಲವನ್ನೂ ಒಂದು ಗೆರೆ ಕಮ್ಮಿ ತೋರಿಸಿದೆ. ಆ ಒಂದು ಗೆರೆ ಕೂಡಿಸಿದರೆ ಹತ್ತು ಪೈಪುಗಳೂ ಪಾಸು. ಉಪೇಂದ್ರ ಮೂರು ಸಲ ಕೂಡಿಸಿದ. ರೆನಾತೊ ಕಳಿಸಿದ್ದ ಅಂಕಿಗಳನ್ನು ತೆಗೆದು ಪಕ್ಕದಲ್ಲಿಟ್ಟ. ಎರಡೂ ತಾಳೆಯಾದವು.

ಸರಳಾ ಕೆಳಗೆ ಬಂದಾಗ ಅವನು ತಲೆ ಮೇಲೆ ಕೈಹೊತ್ತು ಕೂತಿದ್ದ. ಹೇಳಿದ. ಅವಳು ಗೇಜ್ ಕೈಗೆ ತಗೊಂಡಳು.

"ಹರಾಜಲ್ಲಿ ಯಾರೋ ಬೀಳ್ಸಿರ್ಬೋದು ಕಣ್ರೀ. ಈಗ ಕೆಟ್ಟಿದ್ರೆ ಆಗ್ಲೂ ಕೆಟ್ಟಿತ್ತು ಅಂತ ಯಾಕಂದ್ಕೋತೀರಿ?"

ಅವನು ಫೋಟೊ ತೋರಿಸಿದ. ಅವಳು ನೋಡಿದಳು. ಅವಳದೂ ಅಳೆಯುವ ಕಸುಬೇ. ಬೇರೆ ವಿವರಣೆ ಬೇಕಾಗಲಿಲ್ಲ.

"ನಾನು ಲ್ಯಾಬಲ್ಲಿ ದಿನಾ ಬೆಳಿಗ್ಗೆ ಮೆಷಿನ್ ಚೆಕ್ ಮಾಡ್ದೆ ಒಂದು ಹನಿ ರಕ್ತ ಮುಟ್ಟಲ್ಲ," ಎಂದಳು. ಬೇಕೆಂದು ಚುಚ್ಚಿದ್ದಲ್ಲ, ಬಾಯಿಂದ ಬಂದುಬಿಟ್ಟಿತು. ಆಮೇಲೆ, "ಈಗೇನ್ಮಾಡ್ತೀರಿ?"

"ಬರೀಬೇಕು."

"ಯಾರಿಗೆ?"

"ದೀನೊಗೆ. ಹಳೇ ಕಂಪನಿಗೆ. ಸರ್ಟಿಫಿಕೇಟ್ ಕೊಡೋ ಬೋರ್ಡಿಗೆ. ಆಡಿಟರ್ ತಪ್ಪು ಮಾಡಿದ್ರೆ ಬೋರ್ಡಿಗೆ ತಿಳಿಸ್ಲೇಬೇಕು, ರೂಲ್ ಇದೆ."

"ತಿಳಿಸಿದ್ರೆ ಸರ್ಟಿಫಿಕೇಟ್ ಇರತ್ತಾ?"

ಅವನು ಅವಳ ಕೈಯಿಂದ ಗೇಜ್ ತಗೊಂಡು ಮೇಜಿನ ಮೇಲಿಟ್ಟ.

"ಅದಿಲ್ದೆ ಡೌನರ್ಸ್ ಗ್ರೋವ್ ಕೆಲ್ಸ ಇರತ್ತಾ? ನೀವೇ ಹೇಳಿ ರೀ. ಬೊರ್ಗೊರಾನೊ ಫ್ಯಾಕ್ಟರಿ ವಾಪಸ್ ಬರತ್ತಾ? ಕ್ಲಬ್ ಬರತ್ತಾ? ಏನೂ ಬರಲ್ಲ. ಹೋಗೋದು ಮಾತ್ರ ನಮ್ದು."

"ರೆನಾತೊ ಗೋಡೆ ಹಿಡ್ಕೊಂಡು ನಡೀತಿದಾನೆ ಸರಳಾ. ತಪ್ಪೇ ಮಾಡ್ದೆ."

ಅವಳು ಮೆಟ್ಟಿಲು ಹತ್ತಿ ಹೋದಳು. ಮೇಲಿಂದ ಮಾನ್ಯಾ "ವಾಟ್ ಹ್ಯಾಪನ್ಡ್, ಅಮ್ಮಾ?" ಎಂದದ್ದು ಕೇಳಿಸಿತು, ಉತ್ತರ ಕೇಳಿಸಲಿಲ್ಲ.

ಕೇಶವ್‌ಗೆ ಅವನು ಫೋನಿನಲ್ಲಿ ಹೇಳಿದ. "ಆ ಇಟಲಿ ಹಳ್ಳಿ ಹಿಸ್ಟರಿ ಯಾವನಯ್ಯಾ ಓದ್ತಾನೆ?" ಎಂದ ಕೇಶವ್. "ಆರು ತಿಂಗ್ಳು ತಡ್ಕೋ. ಕೆಲ್ಸಕ್ಕೆ ಸೇರ್ಕೋ, ಕಾಲೂರು, ಆಮೇಲೆ ಏನು ಬೇಕಾದ್ರೂ ಬರ್ಕೋ. ನಾನು ನಿನ್ನ ಹೆಸ್ರು ಹೇಳಿದೀನಿ ಕಣಯ್ಯಾ. ನನ್ನ ಮುಖಕ್ಕಾದ್ರೂ ಬೆಲೆ ಕೊಡು."

ಆ ಮಾತಿನಲ್ಲಿ ನ್ಯಾಯವಿತ್ತು. ಉಪೇಂದ್ರ ಹತ್ತು ದಿನ ತಡೆದುಕೊಂಡ. ಆ ಹತ್ತು ದಿನವೂ ರೆನಾತೊನ ಮೂರನೇ ಇಮೇಲನ್ನು ತೆಗೆದು ನೋಡಿದ. ಹನ್ನೊಂದನೆಯ ದಿನ ಮೂರು ಪತ್ರ ಬರೆದು, ಮೂರಕ್ಕೂ ಫೋಟೊ ಲಗತ್ತಿಸಿ, ನಾರ್ತ್‌ವಿಲ್ ಪೋಸ್ಟ್ ಆಫೀಸಿಗೆ ಹೋಗಿ ಹಾಕಿಬಂದ. ದೀನೊಗೆ ಬರೆದದ್ದು ಕೈಬರಹದಲ್ಲಿ. ಕರಿ ಪುಸ್ತಕದಲ್ಲಿ ನನ್ನ ಹೆಸರು ಹಾಕಿ, ರೆನಾತೊನದನ್ನು ತೆಗೆದುಬಿಡಿ ಎಂದು ಬೇಡಿಕೊಂಡಿದ್ದ.

ಬೋರ್ಡು ಎರಡು ವರ್ಷಕ್ಕೆ ಸರ್ಟಿಫಿಕೇಟನ್ನು ಅಮಾನತು ಮಾಡಿತು. ಡೌನರ್ಸ್ ಗ್ರೋವ್‌ನವರು ನಾಲ್ಕು ಸಾಲಿನಲ್ಲಿ ಆಫರ್ ಹಿಂದಕ್ಕೆ ಪಡೆದರು. ಕೇಶವ್ ಫೋನ್ ಎತ್ತುವುದನ್ನು ಬಿಟ್ಟ. ಚಳಿ ಅಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಇಪ್ಪತ್ತು ಡಿಗ್ರಿಗಿಂತ ಕೆಳಗಿಳಿಯುವ ಹೊತ್ತಿಗೆ ಉಪೇಂದ್ರ ಮನೆಸಾಮಾನಿನ ದೊಡ್ಡ ಅಂಗಡಿಯೊಂದರಲ್ಲಿ ಏಪ್ರನ್ ಕಟ್ಟಿಕೊಂಡು, ತೋಟಕ್ಕೆ ನೀರು ಬಿಡುವ ಪೈಪುಗಳನ್ನು ಸುತ್ತಿ ಸುತ್ತಿ ಜೋಡಿಸುತ್ತಿದ್ದ. ದೇವರಿಗೂ ಇಂಥ ತಮಾಷೆಗಳಿಗೆ ಬಿಡುವಿರುತ್ತದೆ.

ಡಿಸೆಂಬರಿನಲ್ಲಿ ದೀನೊನ ಉತ್ತರ ಬಂತು. ಫೋಟೊದಲ್ಲಿ ಅದೇ ಕೊನೆಯ ಪುಟ. ಉಪೇಂದ್ರನ ಪತ್ರದಿಂದ ಸಹಿಯನ್ನು ಕತ್ತರಿಸಿ ಅಂಟಿಸಿದ್ದರು. ಅದರ ಮೇಲಿನ ಸಾಲಿನಲ್ಲಿ ರೆನಾತೊನ ಹೆಸರು ಇದ್ದಲ್ಲೇ ಇತ್ತು.

"ಬರೆದ ಹೆಸರನ್ನು ಹೊಡೆದುಹಾಕುವ ಪದ್ಧತಿ ನಮ್ಮಲ್ಲಿಲ್ಲ. ನಿನ್ನ ಏಳನೇ ಅಧ್ಯಾಯದಲ್ಲಿ ನೀನೇ ಬರೆದಿದ್ದೀಯ. ನಿನ್ನ ಪತ್ರವನ್ನು ರೆನಾತೊಗೆ ಓದಿ ಹೇಳಿದೆ. ಎಲ್ಲಾ ಕೇಳಿಸಿಕೊಂಡ. ಇನ್ನು ಈ ವಿಷಯ ಯಾರೂ ಮಾತಾಡುವುದಿಲ್ಲ."

ಉಪೇಂದ್ರ ತಕ್ಷಣ ಬರೆದ: ಕೇಳಿಸಿಕೊಂಡು ರೆನಾತೊ ಏನಂದ? ದೀನೊ ಉತ್ತರಿಸಿದ: ಇಲ್ಲಿ ಈ ಸಲ ಹಿಮ ಬೇಗ ಬಿದ್ದಿದೆ. ಉಪೇಂದ್ರ ಮತ್ತೆ ಬರೆದ: ಅವನು ಹೋಟೆಲಿಗೆ ಬರುತ್ತಾನಾ ಈಗ? ಉತ್ತರ: ಚೌಕದ ಗಡಿಯಾರ ರಿಪೇರಿಯಾಯಿತು. ರೆನಾತೊಗೇ ನೇರ ಬರೆದ, ಕ್ಷಮಿಸು ಎಂದು, ಒಂದಲ್ಲ, ನಾಲ್ಕು ಸಲ. ಅಲ್ಲಿಂದ ಏನೂ ಬರಲಿಲ್ಲ. ಬಯ್ಯಲಾದರೂ ಬಯ್ಯಿರಿ ಎಂದು ದೀನೊನಿಗೆ ಅಂಗಲಾಚಿದ. ದೀನೊ ಈ ವರ್ಷದ ದ್ರಾಕ್ಷಿಯ ಬಗ್ಗೆ ಎರಡು ಪುಟ ಬರೆದ. ಲೋಕದಲ್ಲೇ ದೊಡ್ಡ ಮನಸ್ಸಿನದು ಎಂದು ತಾನು ಹೊಗಳಿದ ಪದ್ಧತಿ ಒಳಗಿಂದ ಹೇಗಿರುತ್ತದೆಂದು ಉಪೇಂದ್ರನಿಗೆ ಈಗ ತಿಳಿಯಿತು. 1963ರ ಆ ಡ್ರೈವರ್ ಹೋಟೆಲಿನಲ್ಲಿ ಹವೆಯ ಮಾತು ಕೇಳುತ್ತಾ ಹೇಗೆ ಕಾಫಿ ಕುಡಿದನೋ ಎಂದು ಅಂಗಡಿಯಲ್ಲಿ ಪೈಪು ಸುತ್ತುತ್ತಾ ಯೋಚಿಸುತ್ತಿದ್ದ.

ಏಪ್ರಿಲಿನ ಒಂದು ಶನಿವಾರ ಬೆಳಿಗ್ಗೆ ದೀನೊನ ಇಮೇಲ್ ಬಂದಿತ್ತು. ಬಾದಾಮಿ ಮರಗಳು ಹೂಬಿಟ್ಟು ಉದುರಿಯೂ ಹೋದವು. ನದಿಗೆ ಹೊಸ ಸೇತುವೆ ಕಟ್ಟುತ್ತಾರಂತೆ. ರೆನಾತೊ ಮೊನ್ನೆ ಮಂಗಳವಾರ ತೀರಿಕೊಂಡ. ಗಾಳಿ ಇನ್ನೂ ತಣ್ಣಗಿದೆ.

ಉಪೇಂದ್ರ ಅದನ್ನು ಎರಡು ಸಲ ಓದಿ ಮೇಲೆ ಬಂದ. ಅಡಿಗೆಮನೆಯ ಮೇಜಿನ ಮೇಲೆ ಸರಳಾ ಇಂಡಿಯನ್ ಅಂಗಡಿಯಿಂದ ತಂದ ಫ್ರೋಜನ್ ಅವರೆಕಾಳನ್ನು ನೆನೆಹಾಕಿಕೊಂಡು ಹಿತಕುತ್ತಾ ಕೂತಿದ್ದಳು. ಅವನು ಎದುರಿಗೆ ಕೂತ. ಪಾತ್ರೆಯಿಂದ ಒಂದು ಕಾಳು ತಗೊಂಡು ಒತ್ತಿದ. ಬೇಳೆ ಹಾರಿ ನೆಲಕ್ಕೆ ಬಿತ್ತು, ಅವನು ಅದನ್ನು ಎತ್ತಿಕೊಳ್ಳಲಿಲ್ಲ.

"ರೆನಾತೊ ಹೋಗ್ಬಿಟ್ಟ," ಎಂದ.

ಸರಳಾಳ ಕೈ ನಿಂತಿತು. ನವೆಂಬರಿನಿಂದ ಈಚೆಗೆ ಆ ವಿಷಯವನ್ನು ಅವಳು ಒಂದು ದಿನವೂ ಎತ್ತಿರಲಿಲ್ಲ. ಹೋದ ಕೆಲಸದ ಬಗ್ಗೆ ಇಲ್ಲ, ಕೇಶವ್ ಬಗ್ಗೆ ಇಲ್ಲ, ಮಾನ್ಯಾ ದೂರದ ದೊಡ್ಡ ಕಾಲೇಜಿನ ಆಸೆ ಬಿಟ್ಟು ಹತ್ತಿರದ ಕಮ್ಯುನಿಟಿ ಕಾಲೇಜಿಗೆ ಅಪ್ಲೈ ಮಾಡಿದಾಗಲೂ ಇಲ್ಲ. ಅವಳು ಮರೆತಿದ್ದಾಳೆ ಎಂದು ಉಪೇಂದ್ರ ಅಂದುಕೊಂಡಿದ್ದ.

"ಏನಾದ್ರೂ ಅನ್ನು ಸರಳಾ," ಎಂದ. "ಒಂದೇ ಒಂದು ಮಾತು ಬೈದ್ಬಿಡು. ನಿನ್ನ ದಮ್ಮಯ್ಯ."

ಅವಳು ಗಂಡನ ಮುಖವನ್ನೇ ನೋಡಿದಳು. ಕಣ್ಣು ತುಂಬಿತ್ತು. ನೋಡಿ, ಕಿಟಕಿಯ ಕಡೆ ತಿರುಗಿದಳು.

"ಹೊರಗಡೆ ಐವತ್ತು ಡಿಗ್ರಿ ಆಗಿರ್ಬೇಕು ಅಲ್ವಾ?" ಎಂದಳು. "ಬಿಸಿಲು ಬಂದಿದೆ."

ಮತ್ತೆ ಬಗ್ಗಿ ಅವರೆಕಾಳು ಹಿತಕತೊಡಗಿದಳು.